ಎದುರು ಗುಡ್ಡ

ಬೆಳಗಿನಿಂದ ಬೂಟು ಕಚ್ಚುತ್ತಿತ್ತು. ಬೂಟು ಅವನದಲ್ಲ, ಅಳಿಯನದು. ಒಂದು ಸೈಜು ಚಿಕ್ಕದು. ವ್ಯಾಜ್ಯ ತೀರಿಸುವ ಪರದೇಶದ ಪಂಚರ ಮುಂದೆ ಟೈರಿನ ಚಪ್ಪಲಿ ಹಾಕಿಕೊಂಡು ಹೋದರೆ ಮರ್ಯಾದೆಯಲ್ಲ ಎಂದು ಮಗಳೂ ಅಳಿಯನೂ ಸೇರಿ ಅದನ್ನು ಅವನ ಕಾಲಿಗೆ ತುರುಕಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ ನೋಡಿ, "ಸರಿಯಾಗೇ ಇದೆ ಅಪ್ಪ, ನಡೀತಾ ನಡೀತಾ ಸಡಿಲ ಆಗುತ್ತೆ" ಎಂದು ತೀರ್ಪು ಕೊಟ್ಟಿದ್ದರು. ಸಡಿಲವಾಗುವುದಿರಲಿ, ಮೊಂಬಾಸಾದ ಕಡಲ ದಂಡೆಯ ಆ ದೊಡ್ಡ ಹೋಟೆಲಿನ ಗೇಟು ಮುಟ್ಟುವಷ್ಟರಲ್ಲಿ ಎಡಗಾಲಿನ ಹಿಮ್ಮಡಿ ಸುಲಿದು ಥೋಯ ಕುಂಟುತ್ತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕುಂಟುತ್ತ ಬಂದ ಮುದುಕನನ್ನು ಕಂಡು ಕಾವಲುಗಾರ, "ಯಜಮಾನ, ಮೀನಾದ್ರೆ ಹಿಂದುಗಡೆ ಬಾಗಿಲು" ಎಂದ. ಚೀಲದಲ್ಲಿ ಮೀನಿರಲಿಲ್ಲ, ಗುರುತಿನ ಚೀಟಿಯೂ ಮಗಳು ಕರಿದು ಕಟ್ಟಿಕೊಟ್ಟ ನಾಲ್ಕು ಮಹಾಂಬ್ರಿ ರೊಟ್ಟಿಯೂ ಇದ್ದವು. "ಸಾಕ್ಷಿ ಹೇಳೋಕೆ ಬಂದಿದೀನಿ" ಎಂದ ಥೋಯ. "ಹೌದಾ? ಯಾರನ್ನ ಕೊಂದ್ರು?" "ಯಾರನ್ನೂ ಇಲ್ಲ. ಒಂದು ಗುಡ್ಡದ ವಿಚಾರ." ಕಾವಲುಗಾರ ಚೀಟಿ ನೋಡಿದ, ಮಹಾಂಬ್ರಿಯನ್ನೂ ಮೂಸಿ ನೋಡಿದ, ಆಮೇಲೆ ಬಿಟ್ಟ. ಮೂವತ್ತಮೂರು ವರ್ಷ ಸರ್ಕಾರಿ ನೌಕರಿ ಮಾಡಿ, ಈ ಜಿಲ್ಲೆಯ ಒಂದೊಂದು ದಿಬ್ಬವನ್ನೂ ಅಳೆದು ನಿವೃತ್ತನಾದವನು ನಾನು ಎಂದು ಹೇಳಬೇಕೆನ್ನಿಸಿತು. ಒಳಗೆ ನೆಲ ಎಷ್ಟು ನುಣುಪಾಗಿತ್ತೆಂದರೆ ಬೂಟಿನ ಸದ್ದಿಗೆ ಅವನಿಗೇ ನಾಚಿಕೆಯಾಯಿತು.

ಪಂಚರು ಮೂವರೂ ಯುರೋಪಿನ ಯಾವುದೋ ಊರಿನಲ್ಲಿ ಕೂತಿದ್ದರು. ಇಲ್ಲಿ, ಹೋಟೆಲಿನ ಎರಡನೇ ಮಹಡಿಯ ಕೋಣೆಯಲ್ಲಿ, ಗೋಡೆಯಗಲದ ಪರದೆ, ಒಂದು ಕ್ಯಾಮೆರಾ, ಮೂಳೆಗೆ ತಾಗುವ ತಣ್ಣನೆ ಗಾಳಿ. ಸರ್ಕಾರದ ಪರ ವಕೀಲೆ ನೆಕೆಸಾ ನೈರೋಬಿಯಿಂದ ಬಂದಿದ್ದಳು. ಮೂವತ್ತೈದರ ಹುಡುಗಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅವಳು ಅವನ ಟೈ ಸರಿಮಾಡಿ, "ಇನ್ನೊಂದ್ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಯಜಮಾನ್ರೇ" ಎಂದಳು. "ಆ ಕಂಪನಿಯವರ ದೇಶಕ್ಕೂ ನಮ್ಮ ದೇಶಕ್ಕೂ ಒಪ್ಪಂದ ಇದೆ. ನಿಮ್ಮವರು ಇಲ್ಲಿ ಬಂಡವಾಳ ಹೂಡಿದ್ರೆ ನಾವು ಕಾಪಾಡ್ತೀವಿ ಅಂತ. ಗಣಿಗಾರಿಕೆಗೆ ಲೈಸೆನ್ಸ್ ಕೊಟ್ವಿ, ಇದು ಪೂರ್ವಿಕರ ಜಾಗ ಅಂತ ಗೊತ್ತಾಗಿ ವಾಪಸ್ ಕಿತ್ಕೊಂಡ್ವಿ. ಕೋಟಿಗಟ್ಟಲೆ ಡಾಲರ್ ಕೊಡಿ, ಇಲ್ಲಾ ಲೈಸೆನ್ಸ್ ಕೊಡಿ ಅಂತ ಅವರು ಕೂತಿದಾರೆ. ಸೋತರೆ ಸರ್ಕಾರ ದುಡ್ಡು ಕೊಡುತ್ತೆ ಅಂದ್ಕೊಂಡಿದೀರಾ? ಗುಡ್ಡಾನೇ ಕೊಡುತ್ತೆ. ಇಡೀ ಒಪ್ಪಂದದಲ್ಲಿ ಸಂಸ್ಕೃತಿ ಅನ್ನೋ ಮಾತು ಒಂದೇ ಒಂದು ಸಲ ಬರುತ್ತೆ. ಆ ಒಂದು ಮಾತನ್ನ ಹಿಡ್ಕೊಂಡು ನೇತಾಡ್ತಾ ಇದೀವಿ ನಾವು." ಥೋಯ ತಲೆಯಾಡಿಸಿದ. "ನೀವು ಹೇಳಬೇಕಾಗಿರೋದು ಇಷ್ಟೇ. ಇಪ್ಪತ್ತಾರು ವರ್ಷದ ಹಿಂದೆ ರಿಜಿಸ್ಟರ್ ಬರೆಯುವಾಗ ಕೈತಪ್ಪಿನಿಂದ ಮೂಡಣ ಗುಡ್ಡ, ಪಡುವಣ ಗುಡ್ಡ ಅದಲು ಬದಲಾಯ್ತು. ಲಿಖಿತ ಹೇಳಿಕೆಯಲ್ಲಿ ಅದೇ ಇದೆ, ನೀವೇ ಸಹಿ ಹಾಕಿದೀರಿ. ಮನುಷ್ಯ ಅಂದ ಮೇಲೆ ತಪ್ಪಾಗುತ್ತೆ. ತಪ್ಪನ್ನ ಪಂಚರು ಕ್ಷಮಿಸ್ತಾರೆ." ಅವಳ ಮುಖ ನೋಡಿದರೆ ಅವಳು ಅದನ್ನು ನಿಜವೆಂದೇ ನಂಬಿದ್ದಾಳೆಂದು ಗೊತ್ತಾಗುತ್ತಿತ್ತು.

ಕೈ ತಪ್ಪಿರಲಿಲ್ಲ. ಅವನ ಕೈ ತಪ್ಪಿದ್ದು ಅದಕ್ಕಿಂತ ಹಿಂದೆ ಒಮ್ಮೆ, ಅದೂ ನಿಜ ಬರೆದು. ಇಲಾಖೆಗೆ ಹೊಸದಾಗಿ ಸೇರಿದ ಕಾಲ; ಊರೂರಿನ ಕಿಗಾಂಗೊಗಳನ್ನು ಪಟ್ಟಿ ಮಾಡಿ ಎಂದು ಹುಕುಂ ಬಂದಿತ್ತು, ಕಾಪಾಡುವುದಕ್ಕಂತೆ. ಸತ್ತ ಹಿರಿಯನ ಹೆಸರಿನಲ್ಲಿ ನೆಡುವ ಕೆತ್ತನೆಯ ಕಂಬಗಳು ಅವು. ನೆಟ್ಟ ಮೇಲೆ ಕದಲಿಸುವಂತಿಲ್ಲ, ಗೆದ್ದಲು ತಿಂದರೂ ಅಲ್ಲೇ ಮಣ್ಣಾಗಬೇಕು. ಬೇರೆಯವರು ಬೇರೆ ಊರಿನಿಂದ ಶುರುಮಾಡಿದರೆ ಥೋಯ ಉಬ್ಬಿಹೋಗಿ ತನ್ನ ಮನೆಯ ಹಿತ್ತಲಿನಿಂದಲೇ ಶುರುಮಾಡಿದ. ಹುಣಸೇಮರದಿಂದ ಹದಿನಾಲ್ಕು ಮಾರು, ಒಂಬತ್ತು ಕಂಬ, ಮೊದಲನೆಯದು ತಾತನದು. ಎಷ್ಟು ಚೆಂದವಾಗಿ ನಕಾಶೆ ಬರೆದಿದ್ದನೆಂದರೆ ಮೇಲಧಿಕಾರಿ ಅದನ್ನು ಬೇರೆಯವರಿಗೆಲ್ಲ ತೋರಿಸಿದ್ದ. ಅದರ ನಕಲು ಮೂರು ಕಚೇರಿಗಳಿಗೆ ಹೋಯಿತು. ಆ ಮಳೆಗಾಲ ಮುಗಿಯುವುದರೊಳಗೆ ನಾಲ್ಕು ಕಂಬ ಇರಲಿಲ್ಲ, ತಾತನದೂ ಇರಲಿಲ್ಲ. ಅಪ್ಪ ಹಾಸಿಗೆ ಹಿಡಿದ. ಬಂದವರನ್ನೆಲ್ಲ, "ಅದನ್ನ ಬರ್ಕೊಂಡೋನು ಯಾರು?" ಎಂದು ಕೇಳುತ್ತಿದ್ದ; ಥೋಯ ಅಲ್ಲೇ ಬಾಗಿಲ ಬಳಿ ನಿಂತಿರುತ್ತಿದ್ದ. ಅಪ್ಪ ಸತ್ತ ಎರಡು ವರ್ಷಕ್ಕೆ ಕಚೇರಿಗೆ ಬಂದ ಮಿರಮಿರ ಮಿಂಚುವ ಪತ್ರಿಕೆಯೊಂದರಲ್ಲಿ ಯಾವುದೋ ಶ್ರೀಮಂತರ ದಿವಾನಖಾನೆಯ ಫೋಟೋ ಇತ್ತು. ದೀಪದ ಪಕ್ಕದಲ್ಲಿ ತಾತ. ತಾತನ ದುಂಡು ತಲೆಯ ಮೇಲೆ ಯಾರೋ ಟೋಪಿ ನೇತುಹಾಕಿದ್ದರು. ಥೋಯ ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡು ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಬಿಟ್ಟು ಅತ್ತಿದ್ದ.

"ಸಾಕ್ಷಿಗೆ ನನ್ನ ಮಾತು ಕೇಳಿಸುತ್ತಿದೆಯೇ?" ಕಿವಿಯೊಳಗೆ ದುಭಾಷಿ ಹೆಂಗಸಿನ ದನಿ, ಪರದೆಯಲ್ಲಿ ಕಂಪನಿಯ ವಕೀಲನ ತುಟಿ, ತುಟಿ ನಿಂತ ಮೇಲೆ ದನಿ ಬರುತ್ತಿತ್ತು. ಬೆಳ್ಳಿಗೂದಲಿನ, ನಗುಮೊಗದ ಮನುಷ್ಯ. ಬಿಳಿಗೂದಲನ್ನು ಅಷ್ಟು ನಿರಾಳವಾಗಿ ಬಾಚಿಕೊಂಡು ಕೂತವನನ್ನು ನೋಡಿ ಥೋಯನಿಗೆ ಹಿಂಜಾನೊ ದೊಡ್ಡಪ್ಪ ನೆನಪಾದ. ದೊಡ್ಡಪ್ಪ ಎಂಬತ್ತು ದಾಟಿದವನು, ಪೂರ್ವಿಕರ ಕಾಡು ಕಯಾವನ್ನು ಕಾಯುವ ಹಿರಿಯರಲ್ಲಿ ಉಳಿದಿರುವ ಮೂವರಲ್ಲಿ ಒಬ್ಬ. ಈಗ ಎರಡು ವರ್ಷದಿಂದ ತಲೆಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಾನೆ. ನರೆತ ತಲೆ ಕಂಡರೆ ಮಾಟಗಾರನೆಂದು ಮಚ್ಚು ಹಿಡಿದು ಬರುವ ಹುಡುಗರು ಊರಿಗೆ ನಾಲ್ವರಿದ್ದಾರೆ. ನಿನ್ನೆ ಥೋಯ ಹೋದಾಗಲೂ ದೊಡ್ಡಪ್ಪನ ಮಗಳು ಜುಮ್ವಾ ಅವನ ತಲೆಗೆ ಬಣ್ಣ ಹಚ್ಚುತ್ತಿದ್ದಳು. "ಬಾ ಅಣ್ಣ ಬಾ," ಎಂದಿದ್ದಳು, "ಸರ್ಕಾರಿ ಸಾಕ್ಷಿ ಬಂದ್ರು, ಕುರ್ಚಿ ಇಲ್ಲ, ಒರಳ ಮೇಲೆ ಕೂತ್ಕೋ. ಅಪ್ಪನ್ನ ನೋಡು, ಮದುವೆ ಗಂಡು ಆಗಿದಾನೆ." ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ, "ಬಾಯ್ಮುಚ್ಚೇ, ಕಿವಿಗೆ ಹಚ್ಚಬೇಡ" ಎಂದಿದ್ದ. "ನಾಳೆ ದಿನ ನೀನು ಅಲ್ಲಿ ಏನು ಹೇಳ್ತೀಯ" ಎಂದು ಕೇಳಲಿಲ್ಲ. ಅದನ್ನೇ ಕೇಳಲಿ ಎಂದು ಥೋಯ ಎರಡು ಗಂಟೆ ಒರಳ ಮೇಲೆ ಕೂತಿದ್ದ.

ವಕೀಲ ಮೊದಮೊದಲು ಸಸಾರದ ಪ್ರಶ್ನೆಗಳನ್ನೇ ಕೇಳಿದ. ಹೆಸರು, ನೌಕರಿ, ಎಷ್ಟು ವರ್ಷ. ಪರದೆಯಲ್ಲಿ ರಿಜಿಸ್ಟರಿನ ಪುಟ ಬಂತು; ತನ್ನದೇ ಅಕ್ಷರ, ಮರಿ ಇರುವೆ ಸಾಲಿನಂತಹ ಅಕ್ಷರ. ಕಯಾ ಗೊಶಿನಿ, ಪೂರ್ವಿಕರ ಪವಿತ್ರ ಅರಣ್ಯ, ಮೂಡಣ ಗುಡ್ಡ. "ನನ್ನ ಕಕ್ಷಿದಾರರು ಗಣಿಗೆ ಅರ್ಜಿ ಹಾಕುವ ಮೊದಲು ಈ ಪುಟವನ್ನು ನೋಡಿದರು. ಪಡುವಣ ಗುಡ್ಡದ ಹೆಸರಿನ ಮುಂದೆ ಏನೂ ಇರಲಿಲ್ಲ. ಅಲ್ಲವೇ?" "ಹೌದು." "ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮೂಡಣ ಗುಡ್ಡದ ಸುತ್ತ ತಮ್ಮ ಖರ್ಚಿನಲ್ಲಿ ಬೇಲಿ ಹಾಕಿಸಿದರು, ಫಲಕ ನಿಲ್ಲಿಸಿದರು, ಕಾಡು ಹಾಳಾಗಿದೆಯೆಂದು ಆರು ಸಾವಿರ ಸಸಿ ನೆಡಿಸಿದರು. ಅದೂ ನಿಜವಲ್ಲವೇ?" "ನಿಜ" ಎಂದ ಥೋಯ. ನಿಜವೇ. ಆ ಸಸಿಗಳಿಗೆ ನೀರು ಹೊತ್ತವಳು ಜುಮ್ವಾ. ಮೇಕೆ ಮೇಯುವ ಬೋಳುಗುಡ್ಡಕ್ಕೆ, ಎರಡು ಮುದಿ ಬವೋಬಾಬ್ ಮರ ಬಿಟ್ಟರೆ ಏನೂ ಇಲ್ಲದ ಗುಡ್ಡಕ್ಕೆ, ಹಸಿರು ಅಂಗಿ ತೊಟ್ಟುಕೊಂಡು ತಲೆಯ ಮೇಲೆ ನೀರು ಹೊತ್ತು ಒಂದು ವರ್ಷ ಸಂಬಳ ಎಣಿಸಿದ್ದಳು. "ಇಲ್ಲಿ ಗಟ್ಟಿಯಾಗಿ ಮಾತಾಡಬಾರದು, ಪವಿತ್ರ ಜಾಗ ಅಂತ ಆ ಬಿಳಿಯ ನಂಗೇ ಹೇಳ್ಕೊಡ್ತಾನೆ ಕಣಣ್ಣ" ಎಂದು ಅವಳು ಬಂದು ಹೇಳಿದ ದಿನ ದೊಡ್ಡಪ್ಪ ನಕ್ಕು ನಕ್ಕು ಕೆಮ್ಮು ಬಂದು, ತೆಂಗಿನ ಹೆಂಡ ಮೂಗಿಗೆ ಹತ್ತಿ, ಬೆನ್ನು ತಟ್ಟಬೇಕಾಯಿತು. ಆಗೆಲ್ಲ ಇದು ತಮಾಷೆಯಾಗಿತ್ತು. ಬುದ್ಧಿವಂತರು ನಾವೇ ಅಂದುಕೊಂಡಿದ್ದೆವು ಎಂದು ಈಗ ಪರದೆಯ ಮುಂದೆ ಕೂತು ಥೋಯನಿಗೆ ಅನ್ನಿಸಿತು.

ಕಂಬಗಳು ಹೋದ ಮೇಲೆ, ಕಯಾಗಳನ್ನೂ ಪಟ್ಟಿ ಮಾಡಿ ಎಂಬ ಎರಡನೆಯ ಹುಕುಂ ಬಂದಾಗ, ದೊಡ್ಡಪ್ಪನೇ ಹೇಳಿದ್ದು. ಕಾಲುಹಾದಿಯ ಮಧ್ಯೆ ನಿಲ್ಲಿಸಿಕೊಂಡು ಹೇಳಿದ್ದ. "ಬರಿ. ಬರೀದೇ ಇದ್ರೆ ನಿನ್ನ ಕೆಲಸ ಹೋಗುತ್ತೆ. ಆದ್ರೆ ಎದುರು ಗುಡ್ಡಕ್ಕೆ ಬರಿ." ಕಳ್ಳರು ನಕಾಶೆ ಹಿಡಿದುಕೊಂಡು ಬಂದರೆ ಮೇಕೆ ಹಿಕ್ಕೆ ಹೊತ್ತುಕೊಂಡು ಹೋಗಲಿ ಎಂದು. ಆಮೇಲೆ, ಮಗ ಪಾದ್ರಿಯಾಗಿ ಹೋದ ಮೇಲೆ ತನಗೆ ಉಳಿದ ಗಂಡು ದಿಕ್ಕು ಇವನೊಬ್ಬನೇ ಎಂದೋ ಏನೋ, ಅವನನ್ನು ಪಡುವಣ ಗುಡ್ಡದ ಕಾಡಿನೊಳಗೆ ಕರೆದುಕೊಂಡು ಹೋದ. ಎರಡು ಕಲ್ಲುಗಳ ಬಾಗಿಲಿನಲ್ಲಿ ಇಬ್ಬರೂ ಚಪ್ಪಲಿ ಬಿಟ್ಟರು. ಒಳಗೆ ಕಡ್ಡಿ ಮುರಿಯುವಂತಿಲ್ಲ, ಬಿದ್ದ ಕಡ್ಡಿಯನ್ನೂ ಎತ್ತುವಂತಿಲ್ಲ, ಮುಳ್ಳು ಚುಚ್ಚಿದರೆ ಹೊರಗೆ ಬಂದು ಕೀಳಬೇಕು. ನಡುವಿನ ಬಯಲಿನಲ್ಲಿ, ಪೂರ್ವಿಕರು ಬಡಗಣದಿಂದ ಓಡಿ ಬರುವಾಗ ಹೊತ್ತು ತಂದು ಹೂತ ಮಡಕೆ ಎಲ್ಲಿದೆಯೆಂದು ದೊಡ್ಡಪ್ಪ ತೋರಿಸಿದ. ಬೆರಳಿನಿಂದಲ್ಲ, ಹೋಗಿ ಅದರ ಮೇಲೆ ಒಂದು ಗಳಿಗೆ ನಿಂತು ಬಂದ, ಅಷ್ಟೆ. ನಾಲಿಗೆಯ ಮೇಲೆ ಬೂದಿ ಇಟ್ಟು ಆಣೆ ಮಾಡಿಸಿದ. ಆಣೆಯಿಲ್ಲದವನಿಗೆ ಆ ಜಾಗ ತೋರಿಸಿದ ದಿನ ಮಡಕೆ ಎದ್ದು ಹೋಗುತ್ತದೆ. ಮೇಲೆ ಮರಗಳಿರುತ್ತವೆ, ಕಯಾ ಇರುವುದಿಲ್ಲ. ಹೊಳೆಯಾಚೆಯ ಒಂದು ಕಯಾ ಹಾಗೇ ಹೋದದ್ದು. ಅಲ್ಲಿ ಈಗ ಹೆಂಗಸರು ಸೌದೆ ಕಡಿಯುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ.

"ಶ್ರೀ ಥೋಯ, ಇದು ನಿಮ್ಮ ಅಳತೆ ಪುಸ್ತಕ." ಪರದೆಯಲ್ಲಿ ಹಳದಿಗಟ್ಟಿದ ಇನ್ನೊಂದು ಪುಟ. ನೆಕೆಸಾ ಪಕ್ಕದಲ್ಲಿ ನೆಟ್ಟಗಾದಳು; ಈ ಪುಸ್ತಕ ಅವಳು ನೋಡಿರಲಿಲ್ಲ. ಥೋಯನೂ ಇದು ಎಲ್ಲೋ ಹುಳು ತಿಂದು ಹೋಗಿದೆಯೆಂದೇ ನಂಬಿದ್ದ. "ಎರಡು ಗುಡ್ಡಗಳನ್ನೂ ನೀವು ಒಂದೇ ವಾರದಲ್ಲಿ ಅಳೆದಿದ್ದೀರಿ. ನಾವು ಉಪಗ್ರಹದಿಂದ ತಾಳೆ ನೋಡಿದೆವು. ನಿಮ್ಮ ಅಳತೆಯಲ್ಲಿ ಒಂದು ಮಾರಿನ ವ್ಯತ್ಯಾಸವೂ ಇಲ್ಲ. ಅಭಿನಂದನೆ." ಅವನ ಎದೆ ಒಂದು ಕ್ಷಣ ಉಬ್ಬಿತು, ಥೂ. ಸುಳ್ಳು ಹೆಸರು ಬರೆದಿದ್ದ, ನಿಜ. ಸುಳ್ಳು ಅಳತೆ ಬರೆಯಲು ಮಾತ್ರ ಕೈ ಬಂದಿರಲಿಲ್ಲ. "ಇಲ್ಲಿ ನೋಡಿ. ಪಡುವಣ ಎಂದು ಬರೆದು, ಗೀಟು ಹಾಕಿ, ಮೇಲೆ ಮೂಡಣ ಎಂದು ಬರೆದಿದ್ದೀರಿ. ಇದು ಕೈತಪ್ಪೋ?" "ಕೈತಪ್ಪು." "ಮೂವತ್ತಮೂರು ವರ್ಷ ಭೂಮಿ ಅಳೆದವರು ನೀವು. ಒಂದು ಸಣ್ಣ ವಿಷಯ ತಿಳಿಯಬೇಕಿತ್ತು. ನಿಮ್ಮ ಜಿಲ್ಲೆಯಲ್ಲಿ ಸೂರ್ಯ ಯಾವ ಕಡೆ ಹುಟ್ಟುತ್ತಾನೆ?"

ಪರದೆಯೊಳಗೆ ಯಾರೋ ನಕ್ಕರು. ಇಲ್ಲಿಯೂ, ಕ್ಯಾಮೆರಾ ಹಿಡಿದ ಹೋಟೆಲಿನ ಹುಡುಗಿ ಕೆಳಗೆ ನೋಡಿಕೊಂಡು ನಕ್ಕಳು. ದುಭಾಷಿಯ ದನಿಯಲ್ಲೂ ನಗೆಯ ಎಳೆಯಿತ್ತು. ಥೋಯನ ಕಿವಿ ಬಿಸಿಯಾಯಿತು. ಮೇಜಿನಡಿಯಲ್ಲಿ ಕಾಲುಗಳು ತಾವಾಗಿ ಬೂಟಿನಿಂದ ಜಾರಿ ಹೊರಗೆ ಬಂದಿದ್ದವು, ಹಸಿ ಹಿಮ್ಮಡಿಗೆ ತಣ್ಣನೆ ನೆಲ ತಾಗಿತು. ಪೆದ್ದ ಅಂದುಕೊಳ್ಳಲಿ ಬಿಡು, ಪೆದ್ದನಾಗುವುದಕ್ಕೇ ಕರೆಸಿದ್ದಾರೆ ನಿನ್ನನ್ನು, ಹೂಂ ಅನ್ನು, ದಿಕ್ಕು ತಪ್ಪಿತು ಅನ್ನು ಎಂದು ಮನಸ್ಸು ಹೇಳುತ್ತಲೇ ಇತ್ತು. ಬಾಯಿ ಅಷ್ಟರಲ್ಲಿ ಬೇರೇನೋ ಹೇಳಿಬಿಟ್ಟಿತ್ತು. "ನಂಗೆ ದಿಕ್ಕು ಗೊತ್ತು ಸ್ವಾಮಿ. ಅದು ತಪ್ಪಲ್ಲ. ಬೇಕಂತಲೇ ಬರೆದೆ." ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ನೆಕೆಸಾ ಪೆನ್ನು ಕೆಳಗಿಟ್ಟಳು. ಬೆಳ್ಳಿಗೂದಲಿನವನು ನಗಲಿಲ್ಲ, ತುಂಬ ಮರ್ಯಾದೆಯಿಂದ, "ದಯವಿಟ್ಟು ವಿವರಿಸಿ" ಎಂದ. ಥೋಯ ವಿವರಿಸಿದ. ತಾತನ ಕಂಬ, ನಕಾಶೆ, ಟೋಪಿ, ಕಳ್ಳರು, ಎದುರು ಗುಡ್ಡ. ಹೇಳುತ್ತ ಹೇಳುತ್ತ ಹಗುರವಾಗುತ್ತಿದೆ ಎನ್ನಿಸಿತು, ಅದೇ ಹೊತ್ತಿಗೆ ಇದು ಹಗುರವಾಗುವ ಕೆಲಸವಲ್ಲ ಎಂದೂ ಅನ್ನಿಸಿತು. ಕಯಾ ಉಳಿಸಲು ನಿಜ ಹೇಳಿದೆನೋ, ಅಳತೆ ಬಾರದವನು ಅನ್ನಿಸಿಕೊಳ್ಳಲಾರದೆ ಹೇಳಿದೆನೋ? ಆ ಪ್ರಶ್ನೆ ಆಗಲೇ ಎದ್ದು ಬಂದು ಅವನ ಪಕ್ಕದಲ್ಲಿ ಕೂತಿತ್ತು.

ಪಂಚರಲ್ಲಿ ನಡುವೆ ಕೂತ ಹೆಂಗಸು, ವಯಸ್ಸಾದವಳು, ಮೊದಲ ಸಲ ಬಾಯಿ ತೆರೆದಳು. ದನಿ ಮೃದುವಾಗಿತ್ತು. "ಹಾಗಾದರೆ ಆ ಪವಿತ್ರ ಸ್ಥಳ ಪಡುವಣ ಗುಡ್ಡದ ಮೇಲಿದೆ ಎನ್ನುತ್ತೀರಿ. ಆದರೆ ನಮ್ಮ ಮುಂದೆ ಅದಕ್ಕೆ ಒಂದು ದಾಖಲೆಯೂ ಇಲ್ಲ. ಕಂಪನಿಯವರು ಸಭೆ ಕರೆದು, ಆ ಗುಡ್ಡದಲ್ಲಿ ಏನಾದರೂ ಇದೆಯೇ ಎಂದು ನಿಮ್ಮ ಹಿರಿಯರನ್ನೇ ಕೇಳಿದ್ದಾರೆ. ಏನೂ ಇಲ್ಲ, ಮಂಗಗಳಿವೆ ಎಂದು ಅವರು ಹೆಬ್ಬೆಟ್ಟು ಒತ್ತಿದ್ದಾರೆ." ಒತ್ತದೆ ಇನ್ನೇನು ಮಾಡುತ್ತಾರೆ? ಕೇಳಿದವರಿಗೆಲ್ಲ ಏನೂ ಇಲ್ಲ ಎನ್ನುವುದೇ ಅವರು ಮುನ್ನೂರು ವರ್ಷದಿಂದ ಮಾಡಿಕೊಂಡು ಬಂದ ಕಾವಲು. "ನಾವು ಅರ್ಥ ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದೇವೆ, ಶ್ರೀ ಥೋಯ. ಅಲ್ಲಿ ಏನಿದೆ? ನಕಾಶೆಯ ಮೇಲೆ ತೋರಿಸಬಲ್ಲಿರಾ?" ಗದರಿಸಿ ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದನೇನೋ. ಇಷ್ಟು ವರ್ಷದಲ್ಲಿ ಇಷ್ಟು ಮೆಲ್ಲಗೆ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಹೊರಡುವ ಹೊತ್ತಿಗೆ, ನಿನ್ನೆ, ಅವನೇ ಬಾಯಿಬಿಟ್ಟು ಕೇಳಿದ್ದ. "ದೊಡ್ಡಪ್ಪ, ಅವರು ಕೇಳಿದ್ರೆ ಹೇಳ್ಲಾ?" ದೊಡ್ಡಪ್ಪ ಕಪ್ಪು ಬಣ್ಣ ಒಣಗಲೆಂದು ಬಿಸಿಲಿಗೆ ತಲೆಯೊಡ್ಡಿ ಕೂತಿದ್ದ. "ಹೇಳ್ದೆ ಅಂದ್ರೆ ಮರ ಉಳೀಬಹುದು, ಕಯಾ ಉಳಿಯಲ್ಲ. ಹೇಳ್ಲಿಲ್ಲ ಅಂದ್ರೆ ಎರಡೂ ಹೋಗುತ್ತೆ." "ಮತ್ತೆ ನಾನೇನು ಮಾಡ್ಲಿ?" "ನನ್ನ ಕೇಳಬೇಡ ಮಗಾ. ಎದುರು ಗುಡ್ಡಕ್ಕೆ ಬರಿ ಅಂತ ಹೇಳಿದೋನು ನಾನು. ನನ್ನ ಬುದ್ಧಿಯ ಚೆಂದ ನೋಡಿದೀಯಲ್ಲ." ಜುಮ್ವಾ ಬಣ್ಣದ ಬಟ್ಟಲು ತೊಳೆಯುತ್ತ, "ಮರ ಆದ್ರೂ ಉಳೀಲಿ ಅಣ್ಣ" ಎಂದಿದ್ದಳು. ಅವಳ ಮಾತಿನಲ್ಲಿ ಆ ಹೊತ್ತು ಕೀಟಲೆಯಿರಲಿಲ್ಲ.

ಹೋಟೆಲಿನ ಹುಡುಗಿ ನಕಾಶೆ ಹಾಸಿ ಕೆಂಪು ಪೆನ್ನು ಕೊಟ್ಟಳು. ಥೋಯ ಕನ್ನಡಕ ಹಾಕಿಕೊಂಡ. ಎರಡು ಕಲ್ಲಿನ ಬಾಗಿಲು ಇಲ್ಲಿ, ಅಲ್ಲಿಂದ ಬಡಗು ಮೂಲೆಗೆ ಹಾದಿ ತಿರುಗುತ್ತದೆ, ಬಯಲು ಇಲ್ಲಿ. ಕೈ ನಡುಗಲಿಲ್ಲ, ಅದೇ ಅವನಿಗೆ ಆಮೇಲೆ ಹೇಸಿಗೆಯಾದದ್ದು. ಅಂದಾಜಿನಲ್ಲಿ ದೊಡ್ಡದೊಂದು ಸುತ್ತು ಹಾಕಿ ಇಲ್ಲೆಲ್ಲೋ ಇದೆ ಎಂದಿದ್ದರೂ ನಡೆಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ, ಅವನಿಗೆ ಹಾಗೆ ಮಾಡಲು ಬರುವುದೇ ಇಲ್ಲ. ಅಳತೆಪಟ್ಟಿ ಕೇಳಿ ಇಸಕೊಂಡು, ಎರಡು ಕಡೆಯಿಂದ ಗೆರೆ ಎಳೆದು, ಗೆರೆಗಳು ಕೂಡುವಲ್ಲಿ ಜೋಳದ ಕಾಳಿನಷ್ಟು ಸಣ್ಣ ಚುಕ್ಕೆ ಇಟ್ಟ. "ಇಲ್ಲಿ" ಎಂದ. ಹುಡುಗಿ ಹಾಳೆಯನ್ನೆತ್ತಿ ಕ್ಯಾಮೆರಾಕ್ಕೆ ಹಿಡಿದಳು. ಪರದೆಯ ಮೇಲೆ ಆ ಚುಕ್ಕೆ ಬೆಳೆದು ಬೆಳೆದು ತಟ್ಟೆಯಗಲವಾಯಿತು. ಇಪ್ಪತ್ತು ಮೂವತ್ತು ಜನ, ಯಾರು ಯಾರೋ, ಅದನ್ನು ನೋಡಿದರು. ಒಬ್ಬ ಗುಮಾಸ್ತ ನೀರು ಕುಡಿಯುತ್ತ ನೋಡಿದ. ಏನೂ ಆಗಲಿಲ್ಲ. ಏನಾದರೂ ಆಗುತ್ತದೆ, ದೀಪವಾದರೂ ಆರುತ್ತದೆ ಎಂದು ಅವನು ಕಾದಿದ್ದ.

"ಅಲ್ಲಿ ಏನಿದೆ?" ಎಂದ ವಕೀಲ. "ಮಡಕೆ." "ಒಂದು ಮಡಕೆ." "ಹೌದು." "ನೀವು ಅದನ್ನು ಕಣ್ಣಾರೆ ಕಂಡಿದ್ದೀರಾ?" "ಇಲ್ಲ. ಅದು ನೆಲದೊಳಗಿದೆ." "ತಜ್ಞರು ಅಗೆದು ನೋಡಬಹುದೇ?" "ಅಗೆಯೋ ಹಾಗಿಲ್ಲ." ವಕೀಲ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡ. "ಅಂದರೆ ಮಾನ್ಯ ಪಂಚರ ಮುಂದೆ ಇರುವುದು ಇಷ್ಟು. ಯಾರೂ ನೋಡದ, ಯಾರೂ ನೋಡಬಾರದ ಒಂದು ಮಡಕೆ. ಅಲ್ಲಿ ಏನೂ ಇಲ್ಲವೆಂದು ಹಿರಿಯರ ಹೆಬ್ಬೆಟ್ಟು. ಇದೆ ಎನ್ನುವುದಕ್ಕೆ ಒಬ್ಬ ಸರ್ಕಾರಿ ಅಧಿಕಾರಿಯ ಮಾತು. ಇದೇ ಗುಡ್ಡಕ್ಕಾಗಿ ಸರ್ಕಾರದ ದಾಖಲೆಯಲ್ಲಿ ಬೇಕೆಂದೇ ಸುಳ್ಳು ಬರೆದೆ ಎಂದು ತಾನೇ ಒಪ್ಪಿಕೊಂಡವರ ಮಾತು. ನನ್ನ ಪ್ರಶ್ನೆ ಮುಗಿಯಿತು." ನಡುವೆ ಕೂತ ಹೆಂಗಸು ಥೋಯನಿಗೆ ವಂದನೆ ಹೇಳಿದಳು. ಪರದೆ ನೀಲಿಯಾಯಿತು. ಅವನು ಮೇಜಿನಡಿ ಬಗ್ಗಿ ಬೂಟು ಹುಡುಕಿದ. ಊದಿದ ಕಾಲು ಒಳಗೆ ಹೋಗಲೊಲ್ಲದು, ಹುಡುಗಿ ನೋಡುತ್ತ ನಿಂತಿದ್ದಳು.

ಪಡಸಾಲೆಯಲ್ಲಿ ನೆಕೆಸಾ ಗೋಡೆಗೊರಗಿ ನಿಂತಿದ್ದಳು. ಬೈಯಲಿ ಎಂದುಕೊಂಡು ಅವನು ಹತ್ತಿರ ಹೋದ. "ತಪ್ಪಾಯ್ತು ಅಂದಿದ್ರೆ ಸಾಕಾಗಿತ್ತಲ್ಲ ಯಜಮಾನ್ರೇ" ಎಂದಳು ಅವಳು. "ತಪ್ಪು ಮಾಡಿದ ಸರ್ಕಾರಾನ ಹೆಂಗೋ ಕಾಪಾಡ್ಕೋಬಹುದಿತ್ತು. ಈಗ ಸರ್ಕಾರವೇ ಮೋಸದ ದಾಖಲೆ ಇಟ್ಟಿತ್ತು ಅಂತ ಬರೀತಾರೆ." "ಸೂರ್ಯ ಯಾವ ಕಡೆ ಹುಟ್ತಾನೆ ಅಂತ ಕೇಳಿದ್ನಲ್ಲಮ್ಮ" ಎಂದ ಥೋಯ. ಅವಳು ಅವನನ್ನು ನೋಡಿದಳು, ಕೋಪ ಮಾಡಿಕೊಳ್ಳಲು ಹೊರಟು ಕೈಬಿಟ್ಟಳು. "ನಮ್ಮಜ್ಜಿ ಊರಲ್ಲೂ ಇಂಥದ್ದೊಂದು ಮರ ಇತ್ತು," ಎಂದಳು, "ಈಗಲ್ಲಿ ಪೆಟ್ರೋಲ್ ಬಂಕ್ ಇದೆ. ಹುಷಾರಾಗಿ ಹೋಗಿ ಬನ್ನಿ." ಅವನು ಚೀಲದಿಂದ ಒಂದು ಮಹಾಂಬ್ರಿ ತೆಗೆದು ಅವಳಿಗೆ ಕೊಟ್ಟ. ಬೇಡ ಎನ್ನದೆ ತೆಗೆದುಕೊಂಡಳು.

ಊರಿಗೆ ಹೋಗುವ ಮಟಾಟು ವ್ಯಾನಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಸೇತುವೆ, ತೆಂಗಿನ ತೋಪು, ಕತ್ತಾಳೆ ಹೊಲ ಎಲ್ಲ ಹಿಂದೆ ಹೋಗುತ್ತಿದ್ದವು. ಚಾಲಕ ಹಾಕಿದ ಹಾಡು ಗಟ್ಟಿಯಾಗಿತ್ತು. ಪಕ್ಕದ ಹೆಂಗಸಿನ ಕೋಳಿ ಅವನ ಮೊಣಕಾಲಿಗೆ ಕುಕ್ಕಿತು. ಅಪ್ಪ ಹಾಸಿಗೆಯಿಂದ ಕೇಳುತ್ತಿದ್ದ, ಬರ್ಕೊಂಡೋನು ಯಾರು. ಎರಡು ಸಲ ಬರೆದೆನಪ್ಪ, ಎರಡು ಸಲವೂ ಒಂದು ಮಾರು ತಪ್ಪದ ಹಾಗೆ. ನಡುವೆ ಒಂದೇ ಒಂದು ಸಲ ಸುಳ್ಳು ಬರೆದಿದ್ದೆ, ಆ ಸುಳ್ಳು ಇಪ್ಪತ್ತಾರು ವರ್ಷ ಕಾದಿತ್ತು. ದೊಡ್ಡಪ್ಪನಿಗೆ ಹೇಳದೇ ಇರಬಹುದು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಮೊಂಬಾಸಾದಲ್ಲಿ ನಡೆದದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಕಣ್ಣು ಮುಚ್ಚುವವರೆಗೆ ಆ ಮುದುಕ ಕಯಾ ಇದೆಯೆಂದೇ ಬದುಕಲಿ. ಊರಿನ ಕೈಮರದ ಹತ್ತಿರ ಇಳಿದಾಗ ನಾಲ್ಕು ದಾಟಿತ್ತು, ಅಷ್ಟರಲ್ಲಿ ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದ.

ದೊಡ್ಡಪ್ಪ ಅಂಗಳದಲ್ಲಿ ಕೂತಿದ್ದ. ಜುಮ್ವಾ ನೀರು ತಂದುಕೊಟ್ಟು, ಅವನ ಕಾಲು ನೋಡಿ, "ಅಯ್ಯೋ ಅಣ್ಣ, ಇದೇನು, ಬೂಟು ತಿಂದೇಬಿಟ್ಟಿದೆಯಲ್ಲ!" ಎಂದಳು. ದೊಡ್ಡಪ್ಪ ಕಾಲು ನೋಡಲಿಲ್ಲ, ಮುಖ ನೋಡಿದ. "ಎಷ್ಟು ಜನ ಇದ್ರು?" ಎಂದು ಕೇಳಿದ. ಥೋಯನ ಗಟ್ಟಿ ಮಾಡಿಕೊಂಡ ಮನಸ್ಸು ಅಲ್ಲೇ ಒಡೆಯಿತು. "ಇಪ್ಪತ್ತು ಮೂವತ್ತು ಜನ ದೊಡ್ಡಪ್ಪ. ರೆಕಾರ್ಡೂ ಮಾಡ್ಕೊಂಡಿದಾರೆ." "ಜಾಗ ತೋರಿಸ್ದೆ?" "ತೋರಿಸ್ದೆ." "ನಂಬಿದ್ರಾ?" ಥೋಯ ತಲೆ ತಗ್ಗಿಸಿದ. "ಇಲ್ಲ." ಜುಮ್ವಾ ಬಾಯಿಗೆ ಸೆರಗು ಒತ್ತಿಕೊಂಡಳು. ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ, ಕೋಲೆತ್ತಿ ಹೊಡೆದಿದ್ದರೆ, ಥೋಯ ಅವನ ಕಾಲು ಹಿಡಿದುಕೊಂಡು ಅತ್ತುಬಿಡುತ್ತಿದ್ದ. ಮುದುಕ ಮೊಣಕಾಲ ಮೇಲೆ ಕೈಯೂರಿ ಎದ್ದು, "ಬಾ" ಎಂದ.

ಇಬ್ಬರೂ ಪಡುವಣ ಗುಡ್ಡದ ಹಾದಿ ಹಿಡಿದರು. ಎದುರು ಗುಡ್ಡದ ಮೇಲೆ ಕಂಪನಿಯ ಫಲಕ ಇಳಿಬಿಸಿಲಿಗೆ ಹೊಳೆಯುತ್ತಿತ್ತು. ಜುಮ್ವಾ ನೀರು ಹೊತ್ತ ಸಸಿಗಳು ಆಳೆತ್ತರ ಬೆಳೆದಿದ್ದವು. ಥೋಯ ಕುಂಟುತ್ತ ಹಿಂದೆ ಬಿದ್ದ. ಏನೋ ಒಂದು ಇರಬಹುದು, ಹಿರಿಯರಿಗೆ ಗೊತ್ತಿರುವ ಏನೋ ಒಂದು ಪ್ರಾಯಶ್ಚಿತ್ತ, ಕರಿಯ ಹೋತನೋ ಬೂದಿಯೋ, ಅದನ್ನು ಮಾಡಿಸುವುದಕ್ಕೇ ಕರೆದುಕೊಂಡು ಹೋಗುತ್ತಿದ್ದಾನೆ ಎಂದು ಅವನಿಗೆ ಆಸೆ ಹುಟ್ಟಿತು. ಎರಡು ಕಲ್ಲುಗಳ ಬಾಗಿಲು ಬಂತು. ಥೋಯ ಬಗ್ಗಿ, ಅಂಟಿಕೊಂಡ ರಕ್ತದ ಜೊತೆಗೇ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ತಲೆಯೆತ್ತಿ ನೋಡಿದರೆ ದೊಡ್ಡಪ್ಪ ಆಗಲೇ ಕಲ್ಲು ದಾಟಿ ಒಳಗೆ ಹತ್ತು ಹೆಜ್ಜೆ ಹೋಗಿದ್ದ. ಕಾಲಿನಲ್ಲಿ ಟೈರಿನ ಚಪ್ಪಲಿ ಹಾಗೇ ಇತ್ತು, ತರಗೆಲೆಯ ಮೇಲೆ ಅದು ಚರಪರ ಸದ್ದು ಮಾಡುತ್ತಿತ್ತು. ಮುನ್ನೂರು ವರ್ಷದಲ್ಲಿ ಚಪ್ಪಲಿಯ ಸದ್ದು ಅಲ್ಲಿ ಯಾರೂ ಕೇಳಿರಲಿಲ್ಲ. ಮುದುಕ ಒಂದು ಗಿಡದ ಹತ್ತಿರ ನಿಂತು, ಕೈಯೆತ್ತಿ ಎಳೆಯ ಕೊಂಬೆಯೊಂದನ್ನು ಬಗ್ಗಿಸಿ ಲಟಕ್ಕನೆ ಮುರಿದು, ಸಿಪ್ಪೆ ಸುಲಿದು ಹಲ್ಲಿಗೆ ಹಾಕಿಕೊಂಡ. ಅಗಿಯುತ್ತಲೇ ಹಿಂತಿರುಗಿ ನೋಡಿದ. ಕಪ್ಪು ಬಣ್ಣ ಬೆವರಿಗೆ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಬರಿಗಾಲಿನಲ್ಲಿ, ಬೂಟು ಹಿಡಿದುಕೊಂಡು ಕಲ್ಲಿನ ಈಚೆಗೇ ನಿಂತಿದ್ದ ಥೋಯನನ್ನು ಕಂಡು ಅವನ ಮುಖದಲ್ಲಿ ಮರುಕ ಮೂಡಿತು.

"ಹಾಕ್ಕೋ ಮಗಾ," ಎಂದ, "ಮುಳ್ಳಿದೆ."